ತಿಬ್ಬಣ್ಣನಿಗೆ ಕೊಡಬೇಕಿದ್ದ ಒಂದು ದಿನದ ದುಡಿಮೆ

ಫ್ರಾನ್ಸಿಗೆ ಬಂದ ಮೊದಲ ಶುಕ್ರವಾರ ಸಂಜೆ ನಾನೂ ಮೌಲಾಸಾಬನೂ ಯಾರದೋ ಶವಯಾತ್ರೆಯಲ್ಲಿ ನಡೆದೆವು.

ಯಾರು ತೀರಿಕೊಂಡಿದ್ದರು ಎಂಬುದು ನಮಗೆ ಗೊತ್ತಿರಲಿಲ್ಲ. ಬ್ರೆಡ್ಡು ತರಲು ಹೊರಬಿದ್ದಿದ್ದೆವು. ಸೇತುವೆಯ ಕಡೆಯಿಂದ ಜನ ಬರುತ್ತಿದ್ದರು. ಗಂಡಸರು, ಹೆಂಗಸರು, ಕೋಲೂರಿದ ಮುದುಕರು, ತಳ್ಳುಗಾಡಿಯಲ್ಲಿ ಮಲಗಿದ ಕೂಸುಗಳು. ಎಲ್ಲರ ಕೊರಳಲ್ಲೂ ಒಂದೇ ಬಗೆಯ ಹಸಿರು ಬಿಳಿ ಪಟ್ಟೆಯ ಉಣ್ಣೆಯ ವಸ್ತ್ರ. ಎಲ್ಲರ ತಲೆಯೂ ಕೆಳಗೆ. ಅಷ್ಟು ಜನ ಸೇರಿದರೂ ಒಂದು ಮಾತಿಲ್ಲ, ಒಂದು ಕೆಮ್ಮಿಲ್ಲ. ಅಂಗಡಿಯವನೊಬ್ಬ ಬಾಗಿಲು ಅರ್ಧ ಎಳೆದು ನಿಂತು ನೋಡುತ್ತಿದ್ದ. ಇಷ್ಟು ಲಕ್ಷಣ ಕೂಡಿಬಂದ ಮೇಲೆ ಕೊಪ್ಪಳ ಜಿಲ್ಲೆಯ ಯಾವ ಮನುಷ್ಯನಿಗೂ ಸಂಶಯ ಉಳಿಯುವುದಿಲ್ಲ.

ಮೌಲಾಸಾಬ ಟೊಪ್ಪಿಗೆ ಸರಿಮಾಡಿಕೊಂಡು, "ಬಸಣ್ಣ, ಜುಮ್ಮಾ ದಿನ ಹೋಗ್ಯಾನ. ಭಾಳ ಪುಣ್ಯವಂತ ಇರಬೇಕು" ಎಂದ.

"ಹೆಣ ಎಲ್ಲೈತೋ?"

"ಮುಂದ ಹೋಗಿರಬೇಕು. ಬಾ, ನಾಕ ಹೆಜ್ಜಿ ಹಾಕೂಣು. ಪರದೇಶ ಆದ್ರೇನು, ಸಾವು ಸಾವೇ ಅಲ್ಲೇನು."

ಹಾಕಿದೆವು. ನನ್ನ ಪಕ್ಕದಲ್ಲಿ ಬಿಳಿ ಮೀಸೆಯ ಅಜ್ಜನೊಬ್ಬ ಕಣ್ಣೊರೆಸಿಕೊಳ್ಳುತ್ತ ನಡೆಯುತ್ತಿದ್ದ. ತೀರಿಕೊಂಡವನಿಗೆ ಹತ್ತಿರದ ಸಂಬಂಧಿಯೇ ಇರಬೇಕೆಂದು ಅವನ ಹೆಗಲ ಮೇಲೆ ಕೈ ಇಟ್ಟೆ. ಅವನು ನನ್ನ ಮುಖ ನೋಡಿ, ಏನೋ ಹೇಳಿ, ನನ್ನ ಕೈಯನ್ನು ಗಟ್ಟಿಯಾಗಿ ಹಿಚುಕಿದ. ಹೆಣ ಕೊನೆಗೂ ಸಿಗಲಿಲ್ಲ. ಜನ ಓಣಿ ಓಣಿಗೆ ಕರಗಿಹೋದರು. ನಾವು ಮನೆಗೆ ಬಂದು, ಶಾಸ್ತ್ರ ಬಿಡಬಾರದೆಂದು, ಆ ಥಂಡಿಯಲ್ಲಿ ತಲೆಗೆ ನೀರು ಹಾಕಿಕೊಂಡೆವು.

ಇಬ್ಬರೂ ಒಬ್ಬರ ಹಿಂದೊಬ್ಬರು ಮೀಯುವ ಸದ್ದಿಗೆ ಕೆಳಗಿನಿಂದ ಮನೆಯೊಡತಿ ಮೇಲೆ ಬಂದಳು. ಈ ಹೊತ್ತಿನಲ್ಲಿ ಇಷ್ಟೊಂದು ನೀರು ಏಕೆ ಎಂದು ಕೇಳಿದಳು. ಮೊಬೈಲಿನ ಅನುವಾದಕನ ಬಾಯಿಂದ, ನಿಮ್ಮೂರಿನ ದೊಡ್ಡವರೊಬ್ಬರ ಮಣ್ಣಿಗೆ ಹೋಗಿದ್ದೆವು ಎಂದು ಅರುಹಿದೆ. ಆಕೆ ಮೊದಲು ಗಾಬರಿಯಾದಳು. ವಸ್ತ್ರದ ಬಣ್ಣ ಕೇಳಿದಳು. ಆಮೇಲೆ ಮೆಟ್ಟಿಲ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗು ನಿಂತ ಮೇಲೆ ನಡುಮಹಡಿಯ ಮುಚ್ಚಿದ ಬಾಗಿಲು ತೋರಿಸಿ ಹೇಳಿದಳು: ಸತ್ತದ್ದು ಮನುಷ್ಯನಲ್ಲ, ನಮ್ಮೂರಿನ ಫುಟ್‌ಬಾಲ್ ತಂಡ ಇವತ್ತಿನ ಪಂದ್ಯ ಸೋತಿತು. ಕೊಂದವನು ನನ್ನ ಮಗ ಎಂದು ಊರೆಲ್ಲ ಮಾತಾಡುತ್ತಿದೆ.

ನಿಮಗೆ ನನ್ನ ಪರಿಚಯ ಹೇಳದೆ ನೆಟ್ಟಗೆ ಮಣ್ಣಿಗೆ ಕರೆದೊಯ್ದದ್ದು ಸರಿಯಾಗಲಿಲ್ಲ. ನಾನು ಕುಕನೂರಿನವನು. ಕುಷ್ಟಗಿ ಕಡೆ ಬೀಜದ ಕಂಪನಿಯೊಂದರ ನೆರಳು ಪರದೆಯ ಮನೆಗಳಲ್ಲಿ ಕ್ರಾಸಿಂಗ್ ಮಾಡಿಸುವ ಮೇಸ್ತ್ರಿಯಾಗಿದ್ದೆ. ಕ್ರಾಸಿಂಗ್ ಎಂದರೆ ಹೂವುಗಳ ಮದುವೆ. ಮೊದಲ ದಿನ ಒಬ್ಬಳು ಮೆಣಸಿನ ಗಿಡದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಗಂಡು ಭಾಗ ತೆಗೆದಿಡುತ್ತಾಳೆ; ಮರುದಿನ ಇನ್ನೊಬ್ಬಳು ಬೇರೆ ಗಿಡದ ಪರಾಗ ತಂದು ಮುಟ್ಟಿಸಿ ದಾರ ಕಟ್ಟುತ್ತಾಳೆ. ಕಾಯಿ ಕಟ್ಟಿದರೆ ಬೀಜ. ಕಂಪನಿಯ ಬೇರು ಫ್ರಾನ್ಸಿನಲ್ಲಿತ್ತು. ಅಲ್ಲಿಯ ಗಾಜಿನ ಮನೆಗೆ ಕೈ ಪಳಗಿದವರಿಬ್ಬರು ಮೂರು ವರ್ಷಕ್ಕೆ ಬೇಕೆಂದಾಗ ನನ್ನನ್ನೂ ಗಂಗಾವತಿಯ ಮೌಲಾಸಾಬನನ್ನೂ ಕಳಿಸಿದರು. ನನ್ನ ಹೆಂಡತಿ ನೀಲಮ್ಮ ಯಲಬುರ್ಗಾದ ಸಾಲಿಯಲ್ಲಿ ಟೀಚರು. "ಹೋಗಿ ಬರ್ರಿ, ಇಲ್ಲಿದ್ರ ನನಗೇನು ರೊಟ್ಟಿ ಬಡದು ಕೊಡ್ತಿದ್ರಿ?" ಎಂದು ಹರಸಿ ಕಳಿಸಿದಳು.

ಅದಕ್ಕೆ ಮುಂಚೆ ಫ್ರೆಂಚ್ ಜನರ ಬಗ್ಗೆ ನಮಗಿದ್ದ ಜ್ಞಾನವೆಲ್ಲ ಗಂಗಾವತಿ ಹತ್ತಿರದ ಹನುಮನಹಳ್ಳಿಯದು. ಅಲ್ಲಿಗೆ ಅವರು ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು ಬರುತ್ತಾರೆ, ಹಾಸಿಗೆಯನ್ನು ಬಂಡೆಯ ಬುಡದಲ್ಲಿ ಹಾಸುತ್ತಾರೆ, ಮಲಗುವುದನ್ನು ಬಿಟ್ಟು ಬಂಡೆ ಹತ್ತುತ್ತಾರೆ. ಇಂಥವರ ದೇಶ ಹೇಗಿರಬಹುದೆಂಬ ಕುತೂಹಲವೇ ನನ್ನನ್ನು ವಿಮಾನ ಹತ್ತಿಸಿತು ಎಂದರೆ ಸುಳ್ಳಲ್ಲ.

ಈಗಿರುವ ಊರಿನ ಹೆಸರು ಬರೆದರೆ ನಿಮಗೆ ಓದಲು ಕಷ್ಟ, ನನಗೆ ಬರೆಯಲು ಕಷ್ಟ, ಇರಲಿ. ನದಿ ದಂಡೆಯ ಊರು. ಮುನಿರಾಬಾದಿನಲ್ಲಿ ನಿಂತು ಹೊಳೆ ನೋಡಿದವನಿಗೆ ಇಲ್ಲಿಯ ನದಿ ಸಪ್ಪೆ ಎನಿಸುತ್ತದೆ. ಬಂಡೆಯಿಲ್ಲ, ಸದ್ದಿಲ್ಲ, ಸರ್ಕಾರಿ ನೌಕರನಂತೆ ಹೊತ್ತಿಗೆ ಸರಿಯಾಗಿ ಹರಿಯುತ್ತದೆ. ನಮ್ಮದು ಮೂರಂತಸ್ತಿನ ಹಳೆಯ ಮನೆಯ ತುತ್ತತುದಿ. ಮಾಳಿಗೆ ಎರಡೂ ಕಡೆ ಇಳಿಜಾರಾದ್ದರಿಂದ ನಟ್ಟನಡುವೆ ಮಾತ್ರ ನೆಟ್ಟಗೆ ನಿಲ್ಲಬಹುದು. ಉಳಿದ ಕಡೆಯೆಲ್ಲ ಬಾಗಿ ನಡೆಯಬೇಕು. ಐವತ್ತು ದಾಟಿದ ಮೇಲೆ ವಿನಯ ಕಲಿಸಿದ ಮನೆ ಅದು. ಕೆಳಗೆ ಒಡತಿ, ಅವಳನ್ನು ಎಲ್ಲರೂ ಮದಾಂ ಎನ್ನುತ್ತಾರೆ, ನಮ್ಮ ಅಮ್ಮಾವರು ಇದ್ದಂತೆ. ನಡುವೆ ಆ ಮಗ. ಹೆಸರು ತಿಬೋ. ಆ ಹೆಸರು ಬರಿದಾಗಿ ಕರೆಯಲು ಮೌಲಾಸಾಬನ ಬಾಯಿ ಒಪ್ಪದೆ, ಎರಡೇ ದಿನಕ್ಕೆ ತಿಬ್ಬಣ್ಣ ಎಂದಾಯಿತು.

ಶವಯಾತ್ರೆಗೆ ಮುಂಚೆಯೇ ತಿಬ್ಬಣ್ಣ ನಮಗೆ ಗೊತ್ತಿದ್ದ. ನಾವು ಬಂದ ದಿನ ನಮ್ಮ ಟ್ರಂಕು, ಜೋಳದ ಹಿಟ್ಟಿನ ಚೀಲ, ಶೇಂಗಾ ಹಿಂಡಿಯ ಡಬ್ಬಿ ಎಲ್ಲವನ್ನೂ ಮೇಲೆ ಹೊತ್ತವನು ಅವನು. ನೆಲಮಾಳಿಗೆಯಿಂದ ಹಳೆಯ ಮಂಚಗಳನ್ನು ತಂದು ಜೋಡಿಸಿದ, ಮುರಿದ ಕಿಟಕಿಗೆ ಮೊಳೆ ಹೊಡೆದ, ನಲ್ಲಿ ಸರಿಮಾಡಿದ. ಒಂದು ಇಡೀ ದಿನ ಹೋಯಿತು. ಹಾಡುಹಗಲು ಮನೆಯಲ್ಲಿದ್ದ ಅಂಥ ಗಟ್ಟಿ ಆಳನ್ನು ನೋಡಿ, "ಪಾಪ, ಉದ್ಯೋಗ ಇಲ್ಲ ಕಾಣ್ತೈತಿ" ಎಂದು ಮೌಲಾಸಾಬ ಮರುಗಿದ್ದ. ಅವನು ಕಸುಬಿನಿಂದ ಫುಟ್‌ಬಾಲ್ ಆಡುವವನು, ಎದುರಾಳಿಯ ಗೋಲಿನ ಮುಂದೆ ನಿಲ್ಲುವ ಫಾರ್ವರ್ಡ್, ಅಂದು ಅವನಿಗೆ ರಜೆ ಎಂಬುದು ಆಮೇಲೆ ತಿಳಿಯಿತು.

ಇಲ್ಲಿಂದಲೇ ನಮ್ಮ ತೊಡಕು ಶುರುವಾದದ್ದು. ನಿಮಗೆ ಗೊತ್ತೇ ಇದೆ: ನಮ್ಮ ಕಡೆ ಒಬ್ಬನು ಇನ್ನೊಬ್ಬನ ಹೊಲದಲ್ಲಿ ಒಂದು ದಿನ ದುಡಿದರೆ ಅದು ಮುಯ್ಯಿ. ಅದನ್ನು ಒಂದು ದಿನ ದುಡಿದೇ ತೀರಿಸಬೇಕು. ರೊಕ್ಕ ಕೊಟ್ಟರೆ ಅವಮಾನ. ಊಟ ಹಾಕಿದರೆ ಅದು ಊಟದ ಲೆಕ್ಕ, ಮುಯ್ಯಿಗೆ ಸಂಬಂಧವಿಲ್ಲ. ಕರೆ ಬಂದಾಗ ಯಾವ ಕೆಲಸ, ಎಷ್ಟು ಹೊತ್ತು ಎಂದು ಕೇಳುವಂತಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ನಿಲ್ಲಬೇಕು, ಕಣ್ಣೆದುರು ಕಂಡ ಕೆಲಸಕ್ಕೆ ಕೈ ಹಚ್ಚಬೇಕು. ಕೇಳಿದವನು ಮಾಡಲು ಮನಸ್ಸಿಲ್ಲದವನು ಎಂದೇ ಅರ್ಥ.

ಕಾನೂನು ಹೀಗಿರುವಾಗ ನಾವು ತಿಬ್ಬಣ್ಣನಿಗೆ ಒಂದು ದಿನದ ದುಡಿಮೆ ಕೊಡಬೇಕು. ಅವನೋ ತೆಗೆದುಕೊಳ್ಳಲೊಲ್ಲ. "ಏನರ ಕೆಲಸ ಹೇಳು" ಎಂದಾಗಲೆಲ್ಲ "ದ ರಿಯಾಂ" ಎನ್ನುವನು. ಅದಕ್ಕೆ 'ಏನೂ ಇಲ್ಲ' ಎಂದು ಅರ್ಥ. ಇಲ್ಲಿಯ ಜನ ಉಪಕಾರ ಮಾಡಿ ಆಡುವ ಮಾತು. ಏನೂ ಇಲ್ಲದೆ ಹೇಗಾಗುತ್ತದೆ? ಅವನು ಹೊತ್ತ ಟ್ರಂಕು ಏನೂ ಇಲ್ಲದ ತೂಕದ್ದಾಗಿತ್ತೇ?

"ಬಸಣ್ಣ, ಇದು ಎದಿಮ್ಯಾಲ ಕುಂತೈತಿ ನೋಡು. ಆಟ ಆಡಾವಗ ನಾವು ಹ್ಯಾಂಗ ಮುಯ್ಯಾಳು ಆಗೋದು? ನಾವು ಹೋಗಿ ಒಂದಿನ ಓಡಿ ಬರೂಣೇನು?"

"ನಿನ್ನ ಓಟ ನೋಡಿದ್ರ ಮತ್ತೊಂದು ಶವಯಾತ್ರಿ ಆಕ್ಕೈತಿ, ಸುಮ್ಮನಿರು."

ಹೊಸ ಊರಿನ ಮಿಕ್ಕ ಪಾಠಗಳು ಒಂದೊಂದಾಗಿ ಬಂದವು. ಅಂಗಡಿಗೆ ಹೊಕ್ಕ ಕೂಡಲೆ ಬೋಂಜೂರ್ ಅನ್ನಬೇಕು. ಅನ್ನದೆ ಬ್ರೆಡ್ಡು ಕೇಳಿದವನು ಚಪ್ಪಲಿ ಸಮೇತ ಗರ್ಭಗುಡಿಗೆ ನುಗ್ಗಿದವನಿಗೆ ಸಮ. ಬ್ರೆಡ್ಡು ಕೈಯುದ್ದ, ಕಟ್ಟಿಗೆಯಂತೆ ಕಂಕುಳಲ್ಲಿ ಇಟ್ಟು ನಡೆಯುತ್ತಾರೆ. ಯಾರೂ ಮುಚ್ಚಿಟ್ಟುಕೊಳ್ಳುವುದಿಲ್ಲ, ಯಾರ ಕಣ್ಣೂ ತಾಗುವುದಿಲ್ಲ. ನಮ್ಮಲ್ಲಿ ಎದುರಿಗೆ ಸಿಕ್ಕವನು "ಊಟ ಆತೇನ್ರಿ" ಎಂದು ಕೇಳಿದರೆ ಅವನಿಗೆ ನಮ್ಮ ಊಟದ ಚಿಂತೆ ಇರುವುದಿಲ್ಲ. ಇಲ್ಲಿ ನಾನು ಹಾಗೆ ಕೇಳಿದರೆ ಬೇಕರಿಯವಳು ಪೂರ್ತಿ ಹತ್ತು ನಿಮಿಷ ತಾನು ಏನು ಉಂಡಳೆಂಬುದನ್ನು ವಿವರಿಸಿದಳು. ಮಾತು ಅರ್ಥವಾಗದಿದ್ದರೂ ಅಂದು ನನಗೆ ಊರಿನಲ್ಲಿ ಒಬ್ಬರು ಸಿಕ್ಕಂತಾಯಿತು. ಭಾನುವಾರಗಳು ಮಾತ್ರ ಕಠಿಣ. ಓಣಿಯಲ್ಲಿ ಒಂದು ನಾಯಿಯೂ ಬೊಗಳುವುದಿಲ್ಲ. ಕಿಟಕಿಯಲ್ಲಿ ನಿಂತು, ಯಾರಾದರೂ ಜಗಳವಾದರೂ ಆಡಬಾರದೇ ಎಂದು ಹಂಬಲಿಸಿದ್ದೇನೆ.

ತಿಬ್ಬಣ್ಣ ಹತ್ತಿರವಾದದ್ದು ರೊಟ್ಟಿಯಿಂದ. ನಸುಕಿನಲ್ಲಿ ಮೌಲಾಸಾಬ ರೊಟ್ಟಿ ಬಡಿಯುವ ಸದ್ದು ನೆಲದಿಂದಿಳಿದು ಕೆಳಗೆ ಮಲಗಿದವನ ಎದೆಗೇ ಬೀಳುತ್ತಿತ್ತಂತೆ. ಒಂದು ಬೆಳಿಗ್ಗೆ ಬಾಗಿಲು ಬಡಿದ. ಬೈಯಲು ಬಂದನೆಂದುಕೊಂಡು ನಾವು ಕೈಕಟ್ಟಿ ನಿಂತೆವು. ಅವನು ಹಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿ ನೋಡಿದ, ಬಾಗಿ ಬಂದು ಕುಳಿತ. ಶೇಂಗಾ ಹಿಂಡಿ, ಮೊಸರು ಹಚ್ಚಿಕೊಟ್ಟೆವು. ತಿಂದು ಮುಗಿಸಿ, ಇದು ನಮ್ಮ ಕ್ಲಬ್ಬಿನ ಆಹಾರದ ಡಾಕ್ಟರಿಗೆ ಗೊತ್ತಾಗಬಾರದು ಎಂದ. ಆಮೇಲೆ ಆಡುವ ದಿನ ಬಿಟ್ಟು ಉಳಿದ ಬೆಳಗುಗಳಲ್ಲಿ ಅವನ ತಾಟು ನಮ್ಮಲ್ಲಿಯೇ. ಅವನ ಕಥೆ ನಾನು ಕೇಳಿದ್ದು ಹೀಗೆ, ತುಂಡು ತುಂಡಾಗಿ. ಅವನು ಆಡಿದ್ದು ಫ್ರೆಂಚು. ಮೊಬೈಲಿನ ಅನುವಾದಕನೂ ಕೈಸನ್ನೆಯೂ ಸೇರಿ ನನ್ನ ತಲೆಗೆ ಅದು ಇಳಿದದ್ದು ನಮ್ಮ ಮಾತಿನಲ್ಲಿ. ಇಳಿದ ಹಾಗೆಯೇ ಬರೆಯುತ್ತೇನೆ.

ಮೀಸೆ ಮೂಡುವ ಮುಂಚೆ ಅವನನ್ನು ಒಂದು ದೊಡ್ಡ ಕ್ಲಬ್ಬಿನವರು ದೂರದ ಊರಿನ ತರಬೇತಿ ಹಾಸ್ಟೆಲಿಗೆ ಒಯ್ದರು. ಪ್ರತಿ ಬೇಸಗೆಗೆ ಯಾರು ಉಳಿಯಬೇಕು, ಯಾರು ಮನೆಗೆ ಹೋಗಬೇಕು ಎಂದು ಹೆಸರು ಓದುತ್ತಿದ್ದರಂತೆ. "ಹೆಸರು ಓದೋ ತನಕ ಯಾರೂ ಚೀಲ ಬಿಚ್ಚತಿದ್ದಿಲ್ಲ. ಅಲ್ಲೇ ರೂಢಿ ಆತು" ಎಂದ. ದೊಡ್ಡವನಾಗಿ ದೇಶದ ಮೊದಲ ದರ್ಜೆಯಲ್ಲಿ ಕೆಲವು ಪಂದ್ಯ ಆಡಿದ. ಒಂದು ಗೋಲು ಹೊಡೆದ. ಹೇಗೆ ಎಂದು ಕೇಳಿದರೆ, "ನಾನು ಹೊಡೀಲಿಲ್ಲ. ನಿಂತಿದ್ದೆ, ಬಂದು ಮೊಣಕಾಲಿನ ಎಲುಬಿಗೆ ಬಡೀತು, ಒಳಗ ಹೋತು" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡ. ಹಾಗಿದ್ದರೂ ಊರಿನ ಪತ್ರಿಕೆಯಲ್ಲಿ ಚಿತ್ರ ಬಂತು. ಮದಾಂ ಅದಕ್ಕೆ ಕಟ್ಟು ಹಾಕಿಸಿದ್ದಾಳೆ.

ಆಮೇಲೆ ಅವನನ್ನು 'ಪ್ರೆ' ಕೊಡತೊಡಗಿದರು. ಪ್ರೆ ಎಂದರೆ ಎರವಲು. ಇದನ್ನು ಕೇಳಿ ಮೌಲಾಸಾಬ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದ.

"ಮನಷ್ಯಾನ್ನ ಎರವಲು ಕೊಡ್ತಾರಾ?"

"ಒಂದು ವರ್ಷಕ್ಕ ಕೊಡ್ತಾರ. ಛಲೋ ಆಡಿದ್ರ ಹಿಂದಕ ಕರ್ಕೊಂತಾರ, ಇಲ್ಲಂದ್ರ ಮತ್ತೊಬ್ಬರಿಗೆ ಕೊಡ್ತಾರ."

"ಬಿತ್ತೋ ಹೊತ್ತಿನ್ಯಾಗ ಎತ್ತು ಕೊಟ್ಟಂಗ ಅನ್ನು."

ಎತ್ತಿನ ವಿಷಯವನ್ನು ನಾವು ವಿವರಿಸಿದೆವು. ತಿಬ್ಬಣ್ಣ ಬಹಳ ಹೊತ್ತು ಯೋಚಿಸಿ, "ಎತ್ತಿಗೆ ಮೊಣಕಾಲು ನೋವು ಬಂದ್ರ ಏನು ಮಾಡ್ತೀರಿ?" ಎಂದು ಕೇಳಿದ. ನಾವು ಮಾತು ಬದಲಿಸಿದೆವು.

ಹೀಗೆ ಸಮುದ್ರ ದಂಡೆಯ ಊರು, ಬೆಲ್ಜಿಯಂ, ರುಮೇನಿಯಾ, ನಡುಗಡ್ಡೆಯೊಂದರ ಕ್ಲಬ್ಬು, ಮತ್ತೆ ಯಾವುದೋ ಚಳಿಯ ಊರು. ಎಲ್ಲ ಕಡೆಯೂ ಹೊಸ ಮನೆ, ಹೊಸ ಬೀಗದ ಕೈ, ಅಂಗಡಿಯಲ್ಲಿ ಉಪ್ಪು ಎಲ್ಲಿದೆ ಎಂದು ಕೇಳುವ ಹೊಸ ಪಾಠ. ನಾನು ಒಂದೇ ಸಲ ಪರದೇಶಿಯಾಗಿ ಇಷ್ಟುದ್ದ ಬರೆಯುತ್ತಿದ್ದೇನೆ. ಅವನು ಪ್ರತಿ ವರ್ಷ ಆಗಿ ಒಂದು ಸಾಲೂ ಬರೆದಿಲ್ಲ. ಎರಡು ವರ್ಷದ ಕೆಳಗೆ, ಮುಪ್ಪಿನ ಎತ್ತು ಕೊಟ್ಟಿಗೆಗೆ ಬಂದಂತೆ, ಹುಟ್ಟೂರಿನ ಈ ಮೂರನೆಯ ದರ್ಜೆಯ ತಂಡಕ್ಕೆ ಬಂದ. ಬಂದರೆ ಊರು ಏನೆಂದಿತು? ಹೊರಗೆ ತಿರುಗಿ ಸವೆದು ಬಂದವನು, ಇವನು ಈಗ ನಮ್ಮವನಲ್ಲ ಎಂದಿತು.

ನಮ್ಮ ಮಂಚ ತರಲು ಅವನ ಹಿಂದೆ ಹೋದಾಗ ನೆಲಮಾಳಿಗೆಯಲ್ಲಿ ಒಂದು ಗೋಡೆಯುದ್ದ ರಟ್ಟಿನ ಪೆಟ್ಟಿಗೆಗಳನ್ನು ಕಂಡಿದ್ದೆ. ಒಂದೊಂದರ ಮೇಲೂ ಒಂದೊಂದು ಊರಿನ ಹೆಸರು. ಅಂಟುಪಟ್ಟಿ ಒಂದೂ ಹರಿದಿರಲಿಲ್ಲ. ಅವು ಯಾಕೆ ಹಾಗೆ ಎಂದು ಚಳಿಗಾಲದ ಒಂದು ಬೆಳಿಗ್ಗೆ ಕೇಳಿದೆ.

"ಈ ಬೇಸಿಗಿಗೆ ಕರಾರು ಮುಗೀತೈತಿ" ಎಂದ ತಿಬ್ಬಣ್ಣ. "ಇನ್ನೊಂದು ವರ್ಷ ಇಟ್ಕೊಂಡ್ರ ಬಿಚ್ಚತೀನಿ. ಇಲ್ಲಂದ್ರ ಮತ್ತ ಕಟ್ಟೋದು ಯಾಕ?"

ಅಂದಿನಿಂದ ಆ ಪೆಟ್ಟಿಗೆಗಳು ನಮ್ಮ ತಲೆಯ ಮೇಲೂ ಕುಳಿತವು. ಮದಾಂ ದಿನಾ ನೆಲಮಾಳಿಗೆಗೆ ಇಳಿದು ಅವುಗಳ ಧೂಳು ಒರೆಸಿ ಬರುವಳು.

ಹಾಗಾಗಿ ನಾವು ಪಂದ್ಯಗಳಿಗೆ ಹೋಗತೊಡಗಿದೆವು. ಮೊದಲ ದಿನವೇ ಪಕ್ಕದ ಕುರ್ಚಿಯಲ್ಲಿ ಶವಯಾತ್ರೆಯ ಬಿಳಿ ಮೀಸೆಯ ಅಜ್ಜ! ನನ್ನನ್ನು ಗುರುತು ಹಿಡಿದು ಅಪ್ಪಿಕೊಂಡ. ಊರಿನ ದುಃಖಕ್ಕೆ ಹೆಗಲು ಕೊಟ್ಟ ಇಂಡಿಯಾದವನು ಇವನೇ ಎಂದು ಸುತ್ತಲಿನವರಿಗೆ ಪರಿಚಯಿಸಿದ. ನಾನು ತಿದ್ದಲಿಲ್ಲ. ಮಾನ ತಾನಾಗಿ ಬಂದಾಗ ಬೇಡವೆನ್ನಬಾರದು.

ಆದರೆ ಆಟ ಶುರುವಾದದ್ದೇ ಅಜ್ಜ ತಿಬ್ಬಣ್ಣನನ್ನು ಬೈಯತೊಡಗಿದ. ತಿಬ್ಬಣ್ಣ ಓಡುತ್ತಿದ್ದ. ಚೆಂಡು ಒಂದು ಕಡೆಗಿದ್ದರೆ ಇವನು ಇನ್ನೊಂದು ಕಡೆಗೆ. ಕೈ ಬೀಸಿ ಚೆಂಡು ಕೇಳುವನು, ಯಾರೂ ಕೊಡರು, ಮತ್ತೆ ಓಡುವನು. ಅವನ ಬೆನ್ನಿಗೆ ಎದುರಾಳಿಗಳು ಇಬ್ಬರು ಯಾವಾಗಲೂ ಅಂಟಿಕೊಂಡೇ ಓಡುವರು.

"ಓಡೋದೊಂದು ಬರ್ತೈತಿ. ಗೋಲು ಯಾವಾಗ?" ಎಂದು ಅಜ್ಜ ಹಲುಬಿದ.

ಕಬಡ್ಡಿ ಬಿಟ್ಟು ಬೇರೆ ಆಟ ನೋಡದ ಮೌಲಾಸಾಬ ಗದ್ದಕ್ಕೆ ಕೈಹಚ್ಚಿ ಕುಳಿತಿದ್ದ. "ಬಸಣ್ಣ, ಇಂವ ಚೆಂಡು ಬೇಕಂತ ಓಡವಲ್ಲ. ಇಬ್ಬರನ್ನ ಎಳಕೊಂಡು ಹೊಂಟಾನ. ದನ ಹೊಡಕೊಂಡು ಹೋದಂಗ."

"ಎಳಕೊಂಡು ಹೋದ್ರೇನಾತು?"

"ಹೊಲ ಖಾಲಿ ಆತಲ್ಲೋ. ಬ್ಯಾರೇದವ ಬಂದು ಮೇಯ್ಲಿ ಅಂತ."

ಇದು ಸರಿಯೋ ತಪ್ಪೋ ನನಗೆ ಇಂದಿಗೂ ಖಚಿತವಿಲ್ಲ. ಆದರೆ ನಮಗೆ ತಿಳಿಯುವಂಥ ವಿಚಾರ ಅದೊಂದೇ ಇತ್ತು. ಮೊಗ್ಗು ಬಿಡಿಸಿದವಳು ಮೊದಲ ದಿನ ಕುಳಿತು ಬೆನ್ನು ಮುರಿದುಕೊಳ್ಳುತ್ತಾಳೆ. ಕಾಯಿಯ ಮೇಲಿನ ದಾರ ಮರುದಿನ ಬಂದವಳದು. ಹಾಗಾಗಿ ತಿಬ್ಬಣ್ಣ ಚೆಂಡಿಲ್ಲದೆ ಓಡಿದಾಗಲೆಲ್ಲ ಮೌಲಾಸಾಬ ಎದ್ದುನಿಂತು "ಶಾಬಾಶ್ ತಿಬ್ಬಣ್ಣಾ!" ಎಂದು ಕೂಗತೊಡಗಿದ. ಇಡೀ ಊರು ಮೌನವಾಗಿರುವಾಗ ಒಂದು ಗಂಗಾವತಿಯ ದನಿ. ಸುತ್ತಲಿನವರು, ಇವನಿಗೆ ಚೆಂಡು ಯಾವುದು ಎಂಬುದೇ ತಿಳಿದಿಲ್ಲ ಎಂದು ನಕ್ಕರು. ತಿಬ್ಬಣ್ಣ ಕಾಲಿನ ಪಟ್ಟಿ ಕಟ್ಟಿಕೊಳ್ಳಲು ಕುಳಿತಿದ್ದಾಗಲೂ ಇವನು ಶಾಬಾಶ್ ಎಂದದ್ದು ನಿಜ. ಅಷ್ಟು ನಂಬಿಕೆ ಒಳ್ಳೆಯದಲ್ಲ ಎಂದು ನಾನೇ ಅಂಗಿ ಹಿಡಿದು ಕೂರಿಸಿದೆ.

ವಸಂತ ಬಂದು, ಕೊನೆಯ ಪಂದ್ಯ ಬಂತು. ಗೆದ್ದರೆ ತಂಡ ಮೂರನೆಯ ದರ್ಜೆಯಲ್ಲಿ ಉಳಿಯುತ್ತದೆ, ಇಲ್ಲವೆಂದರೆ ಕೆಳಗೆ. ತಿಬ್ಬಣ್ಣ ಅಂದು ಒಂದು ಗೋಲು ಹೊಡೆದರೆ ಕರಾರು ಮುಂದುವರಿಯಬಹುದು ಎಂದು ಊರಲ್ಲಿ ಮಾತಿತ್ತು. ಮದಾಂ ಎಂದೂ ಮೈದಾನಕ್ಕೆ ಬಂದವಳಲ್ಲ. ಅಂದು ಬಂದು ನಮ್ಮಿಬ್ಬರ ನಡುವೆ ಕುಳಿತಳು, ಮಡಿಲಲ್ಲಿ ಕೈಚೀಲ ಗಟ್ಟಿಯಾಗಿ ಹಿಡಿದು, ಬಸ್ಸಿನಲ್ಲಿ ಕುಳಿತವರಂತೆ.

ಆಟ ಮುಗಿಯುವ ಹೊತ್ತು. ಎಡಗಡೆಯಿಂದ ಒಬ್ಬ ಚೆಂಡು ತಂದ. ತಿಬ್ಬಣ್ಣ ಕೈ ಎತ್ತಿ ಕೂಗುತ್ತ ಗೋಲಿನ ಹತ್ತಿರದ ಕಂಬದ ಕಡೆಗೆ ನುಗ್ಗಿದ. ಎಂದಿನ ಇಬ್ಬರು ಅವನ ಬೆನ್ನಿಗೆ ಬಿದ್ದರು. ಗೋಲು ಕಾಯುವವನು ಕೂಡ ಆ ಕಡೆ ವಾಲಿದ. ಚೆಂಡು ಅವನ ತಲೆಯ ಮೇಲಿಂದ ಹಾರಿ ಹಿಂದೆ ಬಿತ್ತು. ಅಲ್ಲಿ ಹೊಲ ಖಾಲಿ. ಇನ್ನೊಬ್ಬ ಫಾರ್ವರ್ಡ್ ಬಂದು ನಿರಾಳವಾಗಿ ಒಳಗೆ ತಳ್ಳಿದ.

ಊರು ಹುಚ್ಚಾಯಿತು. ಅಜ್ಜ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟ. ಕುಕನೂರಿನಲ್ಲಿ ಇದನ್ನು ಯಾರೂ ಮಾಡಿರಲಿಲ್ಲ. ಗೋಲು ತಳ್ಳಿದವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ತಿಬ್ಬಣ್ಣ ಕಂಬದ ಬುಡದಲ್ಲಿ ಮೊಣಕಾಲು ಹಿಡಿದು ಕುಳಿತಿದ್ದ. "ಶಾಬಾಶ್ ತಿಬ್ಬಣ್ಣಾ!" ಎಂದ ಮೌಲಾಸಾಬನ ದನಿ ಆ ಗದ್ದಲದಲ್ಲಿ ಮುಟ್ಟಿತೋ ಇಲ್ಲವೋ. ಈ ಸಲ ಮದಾಂ ಕೂಡ ಎದ್ದುನಿಂತು, ಸಣ್ಣ ದನಿಯಲ್ಲಿ, "ಶಾಬಾಶ್" ಎಂದಳು.

ಮುಂದಿನ ವಾರ ಕ್ಲಬ್ಬಿನವರು ಕರೆಸಿ, ಕೈ ಕುಲುಕಿ, ಮೆರ್ಸಿ ಎಂದರಂತೆ. ಮೆರ್ಸಿ ಎಂದರೆ ಧನ್ಯವಾದ. "ಫುಟ್‌ಬಾಲ್‌ನ್ಯಾಗ ಮೆರ್ಸಿ ಅಂದ್ರ ನಿನ್ನ ದಾರಿ ನೋಡ್ಕೊ ಅಂತ" ಎಂದು ಮದಾಂ ಮೆಟ್ಟಿಲ ಮೇಲೆ ನಿಂತು ಬಿಡಿಸಿ ಹೇಳಿದಳು. ಹಿಂದೆ ಆಡಿದ್ದ ನಡುಗಡ್ಡೆಯ ಕ್ಲಬ್ಬು ಒಂದು ವರ್ಷಕ್ಕೆ ಕರೆಯುತ್ತಿದೆಯಂತೆ. ತಿಬ್ಬಣ್ಣ ರೊಟ್ಟಿಗೆ ಬರುವುದು ನಿಂತಿತು. ಬಾಗಿಲು ಮುಚ್ಚಿರುತ್ತಿತ್ತು. ಮೌಲಾಸಾಬ ರೊಟ್ಟಿಯನ್ನು ಸದ್ದಾಗದಂತೆ ಬಡಿಯತೊಡಗಿದ, ಹಾಗಾಗಿ ಅವು ದಪ್ಪವಾದವು.

ಒಂದು ಸಂಜೆ ಬಾಗಿಲಲ್ಲಿ ತಿಬ್ಬಣ್ಣ. "ಭಾನುವಾರ ಇಬ್ಬರು ಬೇಕಾಗ್ಯಾರ. ಒಂದಿನದ ಕೆಲಸ ಐತಿ. ಬರ್ತೀರೇನು?"

ಎಂಟು ತಿಂಗಳಿನಿಂದ ಕಾಯುತ್ತಿದ್ದ ಮಾತು. ಮೌಲಾಸಾಬ ಮರುಮಾತಿಲ್ಲದೆ, "ಬಂದ್ವಿ ತಿಳಕೊ" ಎಂದ. ಯಾವ ಕೆಲಸ ಎಂದು ನಾವು ಕೇಳಲಿಲ್ಲ. ಕೇಳಬಾರದಲ್ಲ.

ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು, ತಲೆಗೆ ವಸ್ತ್ರ ಸುತ್ತಿಕೊಂಡು ಇಳಿದ ನಮಗೆ ಕಂಡದ್ದು ಇಷ್ಟು: ಬಾಗಿಲ ಮುಂದೆ ಹಿಂಬದಿ ತೆರೆದ ಒಂದು ವ್ಯಾನು, ನೆಲಮಾಳಿಗೆಯ ಬಾಗಿಲೂ ತೆರೆದಿದೆ, ಪೆಟ್ಟಿಗೆಗಳನ್ನು ಮೆಟ್ಟಿಲವರೆಗೆ ಸರಿಸಿ ಇಡಲಾಗಿದೆ, ತಿಬ್ಬಣ್ಣ ಇಲ್ಲ.

ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಇದಕ್ಕ ಕರದಾನ" ಎಂದ ಮೌಲಾಸಾಬ.

"ಹೂಂ."

"ಇದನ್ನ ಬಿಟ್ಟು ಬ್ಯಾರೆ ಏನರ ಕೇಳಿದ್ರ ಆಗ್ತಿತ್ತು."

"ಮುಯ್ಯಿ ಮುಯ್ಯಿನೇ. ಹಿಡಿ ಆ ಕಡೆ."

ಒಂದೊಂದೇ ಪೆಟ್ಟಿಗೆ ಎತ್ತಿದೆವು. ಭಾರವೇನಿರಲಿಲ್ಲ, ಆದರೂ ಒಬ್ಬರೇ ಹೊರಲು ಮನಸ್ಸಾಗದೆ ಇಬ್ಬರೂ ಹಿಡಿದು, ಕಾಲು ನೋಡಿ ಹಾಕುತ್ತ, ತಲೆ ಬಾಗಿಸಿ ನಡೆದೆವು. ವ್ಯಾನಿನೊಳಗೆ ಉದ್ದುದ್ದ ಹಲಗೆಗಳಿದ್ದವು. ಸಾಮಾನು ಅಲುಗದಿರಲಿ ಎಂದು ಹಾಸಿದ್ದಾನೆ, ಪಾಪ, ತಿರುಗಾಡಿ ಅನುಭವಸ್ಥ ಎಂದುಕೊಂಡು ಅವುಗಳ ಮೇಲೆಯೇ ಪೇರಿಸಿದೆವು. ಅಷ್ಟರಲ್ಲಿ ಬ್ರೆಡ್ಡು ಕಂಕುಳಲ್ಲಿಟ್ಟುಕೊಂಡು ಬಿಳಿ ಮೀಸೆಯ ಅಜ್ಜ ಆ ಹಾದಿಯಲ್ಲಿ ಬಂದ. ವ್ಯಾನು ನೋಡಿದ, ಪೆಟ್ಟಿಗೆಯ ಮೇಲಿನ ಊರುಗಳ ಹೆಸರು ಓದಿದ, ನಮ್ಮ ಮುಖ ನೋಡಿದ. ವರ್ಷವಿಡೀ ತಿಬ್ಬಣ್ಣನನ್ನು ಬೈದ ಮನುಷ್ಯ ಟೊಪ್ಪಿಗೆ ತೆಗೆದ. ಬ್ರೆಡ್ಡನ್ನು ಗೋಡೆಗೆ ಆನಿಸಿಟ್ಟು, ಪೆಟ್ಟಿಗೆಯ ಒಂದು ಮೂಲೆಗೆ ಕೈ ಕೊಟ್ಟು, ನಮ್ಮ ಜೊತೆ ನಾಲ್ಕು ಹೆಜ್ಜೆ ನಡೆದ.

ಕೊನೆಯ ಪೆಟ್ಟಿಗೆ ಒಳಗೆ ಹೋಗುವಾಗ ಓಣಿಯ ತುದಿಯಲ್ಲಿ ತಿಬ್ಬಣ್ಣ ಕಾಣಿಸಿದ. ಕೈಯಲ್ಲಿ ಒಂದು ಡಬ್ಬಿ ಮೊಳೆ. ಓಡಿ ಬಂದ, ಚೆಂಡಿನ ಹಿಂದೆ ಕೂಡ ಅವನು ಹಾಗೆ ಓಡಿದ್ದನ್ನು ನಾನು ನೋಡಿಲ್ಲ.

"ಏನು ಮಾಡಾಕ ಹತ್ತೀರಿ?"

"ಮುಯ್ಯಿ" ಎಂದೆ ಗಂಭೀರವಾಗಿ.

"ಹಲಗಿ ಇಳಸ್ರಿ ಅಂತ ಕರದ್ರ ಪೆಟ್ಟಿಗಿ ಹೇರೀರಲ್ಲ! ಆ ಹಲಗಿ ಕಪಾಟಿಂದು! ಈ ಪೆಟ್ಟಿಗಿ ಮ್ಯಾಲ ಒಯ್ಯಾಕ ಇಟ್ಟಿದ್ದೆ!"

ಮದಾಂ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗಿಲ್ಲದ್ದಕ್ಕೆ ಕೈ ಅಡ್ಡ ಹಿಡಿದಳು. ಅಜ್ಜ ಟೊಪ್ಪಿಗೆ ಮತ್ತೆ ಹಾಕಿಕೊಂಡು, ನಮಗೆ ಏನೋ ಅಂದು, ಬ್ರೆಡ್ಡು ಎತ್ತಿಕೊಂಡ. ಸಾವಿಲ್ಲದ ಕಡೆ ಎರಡನೆಯ ಸಲ ಹೆಗಲು ಕೊಟ್ಟಿದ್ದೆವು. ಈ ಸಲ ಊರಿನವನೊಬ್ಬನನ್ನೂ ಕೆಡಿಸಿದ್ದೆವು.

ಇಳಿಸುತ್ತ ಕೇಳಿದೆ. ನಡುಗಡ್ಡೆಗೆ ಒಲ್ಲೆ ಎಂದಿದ್ದನಂತೆ. ಕಸುಬಿನ ಆಟ ಮುಗಿಯಿತು. ಇನ್ನು ಇದೇ ಕ್ಲಬ್ಬಿನ ಹಿಂಬದಿಯ ಮೈದಾನದಲ್ಲಿ ಚಿಕ್ಕ ಮಕ್ಕಳಿಗೆ ಆಟ ಕಲಿಸುತ್ತಾನಂತೆ. "ಇಟ್ಕೊಂಡ್ರ ಬಿಚ್ಚತೀನಿ ಅಂದಿದ್ದಿ" ಎಂದೆ. ಅವನು ಪೆಟ್ಟಿಗೆ ಹೆಗಲಿಗೇರಿಸಿ, "ಇಷ್ಟು ವರ್ಷ ನನ್ನ ಎಲ್ಲಿಡಬೇಕು ಅನ್ನೋದು ಅವರೇ ಹೇಳ್ಯಾರ. ಒಂದು ಸಲ ನಾನೇ ಇಡ್ತೀನಿ" ಎಂದು ಮೆಟ್ಟಿಲು ಹತ್ತಿದ. ದನಿಯಲ್ಲಿ ಗೆಲುವೂ ಇತ್ತು, ಗೋಲಿನ ಕಂಬದ ಬುಡದಲ್ಲಿ ಕುಳಿತವನ ಆ ಸೋಲೂ ಇತ್ತು. ಒಂದು ಕಸುಬು ತೀರಿಕೊಂಡಿತ್ತಲ್ಲ, ಹೇಗೂ ನಾವು ಹೆಗಲು ಕೊಟ್ಟದ್ದು ಪೂರಾ ಸುಳ್ಳಾಗಿರಲಿಲ್ಲ ಎಂದುಕೊಂಡೆ.

ಕಪಾಟು ನಿಂತಿತು. ಪೆಟ್ಟಿಗೆಗಳು ಒಂದೊಂದಾಗಿ ಬಾಯಿಬಿಟ್ಟವು. ಬೂಟು, ಅಂಗಿ, ಯಾವುದೋ ಸಮುದ್ರದ ಕಪ್ಪೆಚಿಪ್ಪು. ಮತ್ತು ಪ್ರತಿ ಊರಿನ ಪೆಟ್ಟಿಗೆಯಲ್ಲೂ ಒಂದೊಂದು ಹಿಡಿಕೆಯ ತವಾ! ಹಳೆಯದು ಕಟ್ಟಿದ ಪೆಟ್ಟಿಗೆಯಲ್ಲಿ ಉಳಿಯುತ್ತಿತ್ತಾದ್ದರಿಂದ ಹೋದಹೋದಲ್ಲಿ ಹೊಸದು ಕೊಂಡಿದ್ದ. ಸಾಲಾಗಿ ಜೋಡಿಸಿದಾಗ ಅವನ ಇಡೀ ಕಸುಬಿನ ಚರಿತ್ರೆ ಗೋಡೆಗೆ ಒರಗಿ ನಿಂತಂತಿತ್ತು. ಮದಾಂ ಒಂದೊಂದನ್ನೂ ಎತ್ತಿ ಬುಡ ನೋಡಿ, "ಒಂದನ್ನರ ಛಲೋತ್ನಾಗೆ ತಿಕ್ಕಿಲ್ಲ" ಎಂದು ಗೊಣಗಿದಳು. ಅಷ್ಟು ಸುಖದ ಗೊಣಗು ನಾನು ಈ ದೇಶದಲ್ಲಿ ಕೇಳಿದ್ದಿಲ್ಲ.

ಸಂಜೆ ನ್ಯಾಯ ಬಿತ್ತು. ಇಂದಿಗೆ ಮುಯ್ಯಿ ತೀರಿತೇ ಎಂದು ತಿಬ್ಬಣ್ಣ ಕೇಳಿದ. ಮೌಲಾಸಾಬ ಧರ್ಮಸೂಕ್ಷ್ಮ ವಿಚಾರಿಸಿದ. "ನಾವು ಹೇರಿದ್ದು ಒಂದು ಕೆಲಸ, ಇಳಿಸಿದ್ದು ಒಂದು ಕೆಲಸ, ಕಪಾಟು ಒಂದು, ದುಡಿದವರು ಇಬ್ಬರು. ನಿನ್ನ ಒಂದು ದಿನಕ್ಕ ನಮ್ಮವು ಎರಡಾದವು. ಈಗ ನೀನು ನಮಗ ಒಂದಿನ ಕೊಡಬೇಕು."

"ಹೇರಿದ್ದು ನಮ್ಮ ತಪ್ಪಲ್ಲೇನೋ" ಎಂದೆ ಮೆಲ್ಲಗೆ.

"ಸುಮ್ಮನಿರು. ಸಮ ಆದ್ರ ಮುಗದೇ ಹೋತಲ್ಲ. ನಾಳಿಗೆ ಯಾವ ನೆವದಾಗ ಮಾತಾಡಸ್ತೀ?"

ತಿಬ್ಬಣ್ಣ ತೀರ್ಪಿಗೆ ತಲೆಬಾಗಿದ. ಆ ಒಂದು ದಿನ ತೀರಿಸುವ ಕೆಲಸ ಹುಡುಕುತ್ತ ನಮ್ಮ ಕೋಣೆಗೇ ಬಂದ, ತನ್ನ ತವಾಗಳಲ್ಲಿ ಒಂದನ್ನು ರೊಟ್ಟಿಗಾಗಲಿ ಎಂದು ಹಿಡಿದುಕೊಂಡು. ಬಾಗಿ ಒಳಗೆ ಬಂದವನ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ನನ್ನ ಟ್ರಂಕು. ಬಂದ ದಿನ ಅವನೇ ಹೊತ್ತು ತಂದಿಟ್ಟದ್ದು. ಕುಕನೂರಿನಲ್ಲಿ ನೀಲಮ್ಮ ಸುತ್ತಿದ ಹಗ್ಗ ಹಾಗೆಯೇ ಇದೆ. ದಿನದ ಬಳಕೆಗೆ ಚೀಲದಲ್ಲಿದ್ದದ್ದೇ ಸಾಕಾಗಿತ್ತು. ಅದೇ ವಾರ ಕಂಪನಿಯವರು, ಮೂರು ವರ್ಷವಾದ ಮೇಲೂ ಇರುತ್ತೀರಾ ಎಂದು ಕೇಳಿದ್ದರು. ನಾನು ಯಾರಿಗೂ ಉತ್ತರ ಕೊಟ್ಟಿರಲಿಲ್ಲ.

"ಇದನ್ನ ಬಿಚ್ಚೋ ದಿನ ಕರಿ, ನಾನು ಬರ್ತೀನಿ" ಎಂದ ತಿಬ್ಬಣ್ಣ. ಆ ವಿಷಯದಲ್ಲಿ ಅವನ ಕಣ್ಣಿಗೆ ಮಣ್ಣೆರಚುವುದು ಸಾಧ್ಯವಿರಲಿಲ್ಲ.

ಫೋನಿನಲ್ಲಿ ನೀಲಮ್ಮನಿಗೆ ಇದೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿ, "ಟ್ರಂಕು ಬಿಚ್ಚಾಕ ಒಂದಿನದ ಆಳು ಹಾಳು ಮಾಡ್ತೀರೇನ್ರಿ? ಆ ಮುಯ್ಯಿ ಹಂಗ ಇಟ್ಕೊರ್ರಿ. ದಸರಾ ಹೊತ್ತಿಗೆ ಶೇಂಗಾ ಕೀಳೋದು ಬರ್ತೈತಿ. ಅವನ್ನೂ ಕರ್ಕೊಂಡು ಬರ್ರಿ, ನೀವೂ ಬರ್ರಿ" ಎಂದಳು.

ಸಂದೇಶ ಮುಟ್ಟಿಸಿದೆ. ತಿಬ್ಬಣ್ಣ ಎಂದಿನಂತೆ ಗಂಭೀರವಾಗಿ ಯೋಚಿಸಿದ.

"ಅದರಾಗ ಓಡೋದು ಇರ್ತೈತೇನು?"

"ಇಲ್ಲ, ಬಗ್ಗೋದು."

ಅವನು ಮೊಣಕಾಲು ಮುಟ್ಟಿ ನೋಡಿಕೊಂಡ. ಒಲ್ಲೆ ಎನ್ನಲಿಲ್ಲ.

ನನ್ನ ಟ್ರಂಕಿನ ಹಗ್ಗ ಇನ್ನೂ ಹಾಗೆಯೇ ಇದೆ. ಇಳಿಜಾರು ಮಾಳಿಗೆಯಲ್ಲಿ ಬೇರೆ ಜಾಗವಿಲ್ಲದೆ ಅವನು ಕೊಟ್ಟ ತವಾವನ್ನು ಅದರ ಮೇಲೆಯೇ ಇಟ್ಟಿದ್ದೇನೆ. ಇಲ್ಲಿ ಬಿಚ್ಚಬೇಕೆಂದರೂ ಮೊದಲು ತವಾ ಇಳಿಸಬೇಕು. ಊರಿಗೆ ಹೊರಬೇಕೆಂದರೂ ಮೊದಲು ತವಾ ಇಳಿಸಬೇಕು. ದಿನಾ ಬೆಳಿಗ್ಗೆ ಇಳಿಸುತ್ತೇನೆ. ರೊಟ್ಟಿಯಾದ ಮೇಲೆ ತೊಳೆದು ಮತ್ತೆ ಅಲ್ಲೇ ಇಡುತ್ತೇನೆ.